ಎನ್‌ಎಫ್‌ಎಲ್ ಸೀಸನ್ ಗೈಡ್ ರಿವ್ಯೂ: ನಿಮ್ಮ ಟೀಮ್ ಪುಟ ಬಿಡಿ, ಎದುರಾಳಿಗಳ ಪುಟ ಓದಿ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಸೂಪರ್ ಬೌಲ್ ಮುಗಿದ ವಾರವೇ ರಿನ್ಯೂವಲ್ ಮೇಲ್ ಬಂತು. ಹೋದ ವರ್ಷ ಮೂರು ಜನ ಸೇರಿ ತಗೊಂಡಿದ್ದ ಎನ್‌ಎಫ್‌ಎಲ್ ಸೀಸನ್ ಗೈಡ್ ಮುಂದುವರಿಸಬೇಕಾ ಬೇಡವಾ ಅಂತ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಜಗಳ ನಡೀತಾ ಇದೆ, ಅದಕ್ಕೇ ಈ ರಿವ್ಯೂ. ಗೈಡ್ ಹೆಸರು ಹೇಳುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಅಲ್ಲದೆ ಇಂಥವು ಹತ್ತಾರು ಸಿಗುತ್ತವೆ, ಎಲ್ಲದರ ಹಣೆಬರಹ ಹೆಚ್ಚುಕಮ್ಮಿ ಒಂದೇ. ಒಂದು ದಪ್ಪ ಪಿಡಿಎಫ್, ಜೊತೆಗೊಂದು ಆ್ಯಪ್. 32 ಟೀಮ್‌ಗಳಿಗೂ ಒಂದೊಂದು ಅಧ್ಯಾಯ. ಮುಂದಿನ ಸೀಸನ್‌ನಲ್ಲಿ ಯಾವ ಟೀಮ್ ಎಷ್ಟು ಗೆಲ್ಲುತ್ತದೆ, ಪ್ಲೇಆಫ್‌ಗೆ (ಕೊನೆಯ ನಾಕೌಟ್ ಸುತ್ತುಗಳಿಗೆ) ಹೋಗುವ ಸಾಧ್ಯತೆ ಶೇಕಡಾ ಎಷ್ಟು, ಯಾರು ಡಿವಿಷನ್ (ನಾಲ್ಕು ಟೀಮ್‌ಗಳ ಗುಂಪು) ಗೆಲ್ಲುತ್ತಾರೆ, ಎಲ್ಲಾ ಮೊದಲೇ ಹೇಳಿಬಿಡುತ್ತಾರೆ.

ನಾನು ವೈಕಿಂಗ್ಸ್ ಅಭಿಮಾನಿ. ಮಿನಿಯಾಪೊಲಿಸ್ ಕ್ಲೈಂಟ್ ಜೊತೆ ವರ್ಷಗಟ್ಟಲೆ ಕಾಲ್‌ನಲ್ಲಿ ಕೂತು ಅಂಟಿಸಿಕೊಂಡ ಚಟ. ಆಫೀಸಿನ ಗೆಳೆಯ ವಿಸ್ಕಾನ್ಸಿನ್‌ನಲ್ಲಿ ಓದಿ ಬಂದವನು, ಅವನು ಪ್ಯಾಕರ್ಸ್. ನಮ್ಮ ಭಾವ ಕೆಲವು ವರ್ಷ ಶಿಕಾಗೋದಲ್ಲಿದ್ದು ಈಗ ಬನಶಂಕರಿಗೆ ವಾಪಸ್ ಬಂದಿದ್ದಾರೆ, ಅವರು ಬೇರ್ಸ್. ಇದಕ್ಕೆ ಡೆಟ್ರಾಯಿಟ್ ಲಯನ್ಸ್ ಸೇರಿಸಿದರೆ ಎನ್‌ಎಫ್‌ಸಿ ನಾರ್ತ್ ಡಿವಿಷನ್ ಪೂರ್ತಿ ಆಯಿತು. ಪ್ರತಿ ಟೀಮ್ ತನ್ನ ಡಿವಿಷನ್ನಿನ ಮೂರೂ ಟೀಮ್ ಜೊತೆ ವರ್ಷಕ್ಕೆ ಎರಡೆರಡು ಸಲ ಆಡುತ್ತದೆ, ಅಂದರೆ 17 ಆಟದಲ್ಲಿ ಆರು ಇವರ ಜೊತೆಗೇ. ಬೇರ್ಸ್ ಮತ್ತು ಪ್ಯಾಕರ್ಸ್ 1921ರಿಂದ ಹೊಡೆದಾಡಿಕೊಂಡು ಬಂದಿದ್ದಾರೆ. ಹಾಗಾಗಿ ನಮ್ಮ ಗ್ರೂಪ್‌ನಲ್ಲಿ ಸೆಪ್ಟೆಂಬರಿನಿಂದ ಜನವರಿವರೆಗೆ ಯಾರೂ ಯಾರಿಗೂ ಮರ್ಯಾದೆ ಕೊಡುವುದಿಲ್ಲ. ಭಾವನಿಗೆ ಮಾತ್ರ ಸ್ವಲ್ಪ ಕೊಡುತ್ತೇವೆ, ಹಿರಿಯರು ಅಂತ.

ಬೆಂಗಳೂರಿನಲ್ಲಿ ಈ ಆಟ ನೋಡುವ ಕಷ್ಟ ಗೊತ್ತಿಲ್ಲದವರಿಗೆ ಹೇಳ್ತೀನಿ. ಭಾನುವಾರದ ಮೊದಲ ಸುತ್ತು ನಮಗೆ ರಾತ್ರಿ 10:30ಕ್ಕೆ, ಎರಡನೇ ಸುತ್ತು ಸುಮಾರು ಎರಡು ಗಂಟೆಗೆ, ರಾತ್ರಿಯ ದೊಡ್ಡ ಆಟ ಸೋಮವಾರ ಬೆಳಿಗ್ಗೆ 5:50ಕ್ಕೆ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಎಲ್ಲಾ ಒಂದೊಂದು ಗಂಟೆ ಮುಂದೆ ಹೋಗುತ್ತದೆ, ಆಗ ಆ ಬೆಳಗಿನ ಆಟ ಮುಗಿಯೋ ಹೊತ್ತಿಗೆ ಸ್ಟ್ಯಾಂಡಪ್ ಮೀಟಿಂಗ್ ಶುರುವಾಗಿರುತ್ತೆ. ಮನುಷ್ಯರು ನೋಡುವ ಟೈಮ್ ಅಂದರೆ ಯುರೋಪಿನಲ್ಲಿ ನಡೆಯುವ ಆಟಗಳು ಮಾತ್ರ. 2025ರಲ್ಲಿ ವೈಕಿಂಗ್ಸ್ ಸತತ ಎರಡು ವಾರ ಡಬ್ಲಿನ್ ಮತ್ತು ಲಂಡನ್‌ನಲ್ಲಿ ಆಡಿತು, ಎರಡೂ ನಮಗೆ ಭಾನುವಾರ ಸಂಜೆ 7ಕ್ಕೆ. ಒಂದು ಸೋತರು, ಒಂದು ಗೆದ್ದರು. ಆದರೂ ನನ್ನ ಪಾಲಿಗೆ ಸೀಸನ್ನಿನ ಅತ್ಯಂತ ಸುಖದ ಎರಡು ವಾರ. ಇಷ್ಟು ನಿದ್ದೆ ಬಿಡುವವರು ಯಾವ ಆಟಕ್ಕೆ ಅಲಾರಂ ಇಡಬೇಕು ಅಂತ ಮೊದಲೇ ಲೆಕ್ಕ ಹಾಕಲೇಬೇಕು. ಗೈಡ್ ತಗೊಂಡ ನಿಜವಾದ ಕಾರಣ ಅದೇ.

ಮೊದಲು ಕೈಗೆ ಬಂದ ವಸ್ತುವಿನ ಬಗ್ಗೆ. ಪಿಡಿಎಫ್ ಚೆನ್ನಾಗಿದೆ, ಬರಹ ಸಲೀಸಾಗಿದೆ, ವಿಜಯನಗರದಲ್ಲಿ ಮೆಟ್ರೋ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವಷ್ಟರಲ್ಲಿ ಒಂದು ಡಿವಿಷನ್ ಆರಾಮಾಗಿ ಓದಬಹುದು. ಆದರೆ ಕೋಷ್ಟಕಗಳನ್ನು ಅಡ್ಡಪುಟದಲ್ಲಿ ಹಾಕಿದ್ದಾರೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದ ಮೇಲೆ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಫೋನ್, ಅದನ್ನು ಅಡ್ಡ ತಿರುಗಿಸಿ ಜೂಮ್ ಮಾಡೋಕೆ ಮೂರನೇ ಕೈ ಬೇಕು. ಆ್ಯಪ್ ಅಂತೂ ಬರೀ ನ್ಯೂಯಾರ್ಕ್ ಟೈಮ್ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಬದಲಾಯಿಸುವ ಜಾಗ ಇದೆ, ಬದಲಾಯಿಸಿ ಸೇವ್ ಒತ್ತಿದರೆ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಸಪೋರ್ಟ್‌ಗೆ ಬರೆದೆ. "ನಿಮ್ಮ ಸಲಹೆಯನ್ನು ತಂಡಕ್ಕೆ ತಲುಪಿಸಿದ್ದೇವೆ" ಅಂತ ಉತ್ತರ ಬಂತು. ತಲುಪಿರಬೇಕು, ಸೀಸನ್ ಮುಗಿದರೂ ಅದು ಹಾಗೇ ಇದೆ. ಬೆಲೆ ಡಾಲರ್‌ನಲ್ಲಿ, ಕಾರ್ಡಿನ ಫಾರೆಕ್ಸ್ ಚಾರ್ಜ್ ಬೇರೆ, ಒಬ್ಬರೇ ಹಾಕಿದರೆ ಜಾಸ್ತಿ ಅನ್ನಿಸುತ್ತದೆ. ಬೈಟು ಕಾಫಿ ಕುಡಿದು ಬೆಳೆದ ಊರು ನಮ್ಮದು, ಮೂರು ಭಾಗ ಮಾಡಿಕೊಂಡೆವು, ಸರಿಹೋಯಿತು.

ಈಗ ವಿಷಯಕ್ಕೆ. ಭವಿಷ್ಯ ಹೇಳುವುದರಲ್ಲಿ ಹೇಗಿದೆ?

ಗೈಡ್ ನಮ್ಮ ಡಿವಿಷನ್‌ಗೆ ಹಾಕಿದ ಕ್ರಮ ಹೀಗಿತ್ತು: ಲಯನ್ಸ್, ಪ್ಯಾಕರ್ಸ್, ವೈಕಿಂಗ್ಸ್, ಬೇರ್ಸ್. ಆಗಿದ್ದು: ಬೇರ್ಸ್ 11-6 (ಗೆಲುವು-ಸೋಲು), ಪ್ಯಾಕರ್ಸ್ 9-7-1 (ಕೊನೆಯದು ಟೈ), ವೈಕಿಂಗ್ಸ್ 9-8, ಲಯನ್ಸ್ 9-8. ನಡುವಿನ ಎರಡು ಸರಿ, ತುದಿಯ ಎರಡು ಉಲ್ಟಾ. ಮೊದಲನೆಯವರು ಕೊನೆಗೆ, ಕೊನೆಯವರು ಮೊದಲಿಗೆ! ಭಾವ ಈ ಪುಟದ ಸ್ಕ್ರೀನ್‌ಶಾಟ್ ಅನ್ನು ಗ್ರೂಪ್ ಡಿಪಿ ಮಾಡಿ ಇಟ್ಟಿದ್ದಾರೆ, ಇನ್ನೂ ತೆಗೆದಿಲ್ಲ.

ಇಷ್ಟಕ್ಕೇ ಗೈಡ್ ದಂಡ ಅನ್ನೋಕಾಗಲ್ಲ. ನ್ಯಾಯವಾಗಿ ನೋಡಿದರೆ ಈ ಲೀಗ್‌ನಲ್ಲಿ ಕ್ರಮಾಂಕ ಹೇಳೋದು ಯಾರ ಕೈಲೂ ಆಗುವ ಕೆಲಸ ಅಲ್ಲ, ಯಾಕೆಂದರೆ ಲೀಗನ್ನು ಕಟ್ಟಿರುವುದೇ ಹಾಗೆ. ಸೋತವರಿಗೆ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಆರಿಸುವಲ್ಲಿ, ಮೊದಲ ಪಾಳಿ. ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ, ದುಡ್ಡಿರುವ ಮಾಲೀಕ ಎಲ್ಲರನ್ನೂ ಕೊಂಡುಕೊಳ್ಳುವ ಹಾಗಿಲ್ಲ. 2025ಕ್ಕೆ ಆ ಮಿತಿ ಟೀಮ್‌ಗೆ 27.92 ಕೋಟಿ ಡಾಲರ್ ಇತ್ತು. ಸೋತವರಿಗೆ ಮುಂದಿನ ವರ್ಷ ಎದುರಾಳಿಗಳೂ ಸ್ವಲ್ಪ ಸುಲಭ. ಇದೆಲ್ಲದರ ಮೇಲೆ ಸೀಸನ್ ಬರೀ 17 ಆಟ. ಸುಮ್ನೆ ಒಂದು ನಾಣ್ಯ ತಗೊಂಡು 17 ಸಲ ಚಿಮ್ಮಿ ನೋಡಿ, ಎಂಟೋ ಒಂಬತ್ತೋ ಬರಬೇಕು ಅಂದುಕೊಂಡರೂ ಆರು ಬರುತ್ತೆ, ಹನ್ನೊಂದು ಬರುತ್ತೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಅಂದರೆ ಒಂದೇ ತಾಕತ್ತಿನ ಟೀಮ್ ಒಂದು ವರ್ಷ 6-11, ಇನ್ನೊಂದು ವರ್ಷ 11-6 ಆಗೋದು ಬರೀ ಅದೃಷ್ಟದಿಂದಲೂ ಸಾಧ್ಯ. ಚೀಫ್ಸ್ 2024ರಲ್ಲಿ 15-2 ಇದ್ದವರು 2025ರಲ್ಲಿ 6-11. ಪೇಟ್ರಿಯಟ್ಸ್ 4-13 ಇದ್ದವರು 14-3 ಆಗಿ ಸೂಪರ್ ಬೌಲ್‌ವರೆಗೆ ಹೋದರು. ಹಿಂದಿನ ವರ್ಷದ ಪಾಯಿಂಟ್ಸ್ ಟೇಬಲ್ ನೋಡಿ ಈ ವರ್ಷದ್ದು ಹೇಳುವವನನ್ನು ನಂಬಬೇಡಿ.

ಹಾಗಾದರೆ ಗೈಡ್‌ನಲ್ಲಿ ಇರೋದೇನು? ಅದರ ಒಳ್ಳೆಯ ಭಾಗ ಇರುವುದೇ ಇಲ್ಲಿ: ಹೋದ ವರ್ಷದ ಗೆಲುವು ಸೋಲಿನಲ್ಲಿ ಎಷ್ಟು ನಿಜ, ಎಷ್ಟು ಪುಣ್ಯ ಅಂತ ಬಿಡಿಸಿ ತೋರಿಸುತ್ತದೆ. ಒಂದು ಟಚ್‌ಡೌನ್ (ಹೆಚ್ಚೆಂದರೆ ಎಂಟು ಪಾಯಿಂಟ್) ಅಂತರದೊಳಗಿನ ಆಟಗಳನ್ನು ಬೇರೆ ಎಣಿಸುತ್ತಾರೆ. ಅಂಥ ಆಟಗಳಲ್ಲಿ ವರ್ಷ ವರ್ಷವೂ ಗೆಲ್ಲುತ್ತಾ ಹೋಗುವ ಟೀಮ್ ಅಪರೂಪ. ಕೈಜಾರಿದ ಚೆಂಡು ಯಾರ ಕೈಗೆ ಸಿಗುತ್ತದೆ ಅನ್ನೋದೂ ಹೆಚ್ಚುಕಮ್ಮಿ ಫಿಫ್ಟಿ ಫಿಫ್ಟಿ, ಯಾಕೆಂದರೆ ಆ ಮೊಟ್ಟೆಯಾಕಾರದ ಚೆಂಡು ಯಾವ ಕಡೆ ಪುಟಿಯುತ್ತದೆ ಅಂತ ಅದಕ್ಕೇ ಗೊತ್ತಿರಲ್ಲ. ಇದಕ್ಕಿಂತ ಒಳ್ಳೆ ಅಳತೆ ಅಂದರೆ ಇಡೀ ಸೀಸನ್ನಿನಲ್ಲಿ ಹೊಡೆದ ಪಾಯಿಂಟ್ ಎಷ್ಟು, ಬಿಟ್ಟುಕೊಟ್ಟದ್ದು ಎಷ್ಟು ಅನ್ನೋದು. ಬೇಸ್‌ಬಾಲ್‌ನಿಂದ ಬಂದ ಒಂದು ಸೂತ್ರ ಇದೆ, ಎರಡನ್ನೂ 2.37ರ ಘಾತಕ್ಕೆ ಏರಿಸಿ, ಹೊಡೆದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ "ನ್ಯಾಯವಾಗಿ ಎಷ್ಟು ಗೆಲ್ಲಬೇಕಿತ್ತು" ಅಂತ ಬರುತ್ತದೆ.

ನನ್ನ ಹೊಟ್ಟೆ ಉರಿಸಿದ ಉದಾಹರಣೆಯನ್ನೇ ಕೊಟ್ಟಿದ್ದಾರೆ. 2022ರ ವೈಕಿಂಗ್ಸ್. 13-4. ಒಂದು ಟಚ್‌ಡೌನ್ ಅಂತರದ 11 ಆಟಗಳಲ್ಲಿ 11 ಗೆಲುವು. ಹೊಡೆದದ್ದು 424, ಬಿಟ್ಟುಕೊಟ್ಟದ್ದು 427. ಸೂತ್ರಕ್ಕೆ ಹಾಕಿದರೆ ಸುಮಾರು ಎಂಟೂವರೆ ಗೆಲುವು! ಆ ವರ್ಷ ನಾವು ಎಷ್ಟು ಮೆರೆದಿದ್ದೆವು ಅಂತೀರಿ. ಪ್ಲೇಆಫ್‌ನ ಮೊದಲ ಆಟದಲ್ಲೇ ಜೈಂಟ್ಸ್ ಕೈಲಿ ಏಟು, ಮುಂದಿನ ವರ್ಷ 7-10. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕರ್ಕ್ ಕಸಿನ್ಸ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡದ್ದೂ ಒಂದು ಕಾರಣ, ಒಪ್ಪುತ್ತೇನೆ, ಆದರೆ ಇಳಿಯುವುದು ಮೊದಲೇ ಬರೆದಿತ್ತು.

ಈ ಕಣ್ಣು ಒಂದು ಸಲ ಬಂತು ಅಂದರೆ ಎದುರಾಳಿಗಳ ಅಧ್ಯಾಯಗಳು ಬೇರೆಯೇ ಥರ ಕಾಣುತ್ತವೆ. ನನ್ನ ಟೀಮ್ ಪುಟದಲ್ಲಿ ನನಗೆ ಹೊಸದು ಏನೂ ಸಿಗಲಿಲ್ಲ. ಹೊಸ ಕ್ವಾರ್ಟರ್‌ಬ್ಯಾಕ್ ಜೆಜೆ ಮೆಕಾರ್ಥಿ ಮೊಣಕಾಲು ನೋವಿನಿಂದ ಮೊದಲ ವರ್ಷ ಪೂರ್ತಿ ಕೂತಿದ್ದ, ಅವನ ಜಾಗದಲ್ಲಿ 2024ರಲ್ಲಿ 14 ಆಟ ಗೆಲ್ಲಿಸಿದ ಸ್ಯಾಮ್ ಡಾರ್ನಾಲ್ಡ್‌ನನ್ನು ಸಿಯಾಟಲ್‌ಗೆ ಹೋಗಲು ಬಿಟ್ಟರು, ಇದೆಲ್ಲಾ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಬೇರ್ಸ್ ಬಗ್ಗೆ ನನಗೆ ಗೊತ್ತಿದ್ದುದು ಒಂದೇ, ಅವರು ಬೇರ್ಸ್ ಅಂತ. ಅದು ಸಾಕು ಅಂದುಕೊಂಡಿದ್ದೆವು ನಾವೆಲ್ಲಾ.

ಬೇರ್ಸ್ ಅಧ್ಯಾಯ ಈ ಗೈಡ್‌ನ ಅತ್ಯುತ್ತಮ ಬರಹ. 2024ರಲ್ಲಿ ಅವರು 5-12. ನಡುವೆ ಸತತ ಹತ್ತು ಸೋಲು. ಆ ಸೋಲುಗಳನ್ನು ಒಂದೊಂದಾಗಿ ತೆಗೆದು ನೋಡಿದ್ದಾರೆ. ವಾಷಿಂಗ್ಟನ್‌ನಲ್ಲಿ ಕೊನೆಯ ಎಸೆತ ಆಕಾಶಕ್ಕೆ ಹೋಗಿ, ಗುಂಪಿನಲ್ಲಿ ಯಾರದೋ ಕೈಗೆ ತಾಗಿ, ಎದುರಾಳಿಯ ಕೈಗೆ ಬಿದ್ದು ಸೋತರು. ಪ್ಯಾಕರ್ಸ್ ಮೇಲೆ 20-19, ಕೊನೆಯ ಕಿಕ್ ಬ್ಲಾಕ್ ಆಗಿ ಸೋತರು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಕೈಯಲ್ಲಿ ಟೈಮ್‌ಔಟ್ ಇಟ್ಟುಕೊಂಡು ಗಡಿಯಾರ ಓಡಲು ಬಿಟ್ಟು 23-20 ಸೋತರು, ಮಾರನೇ ದಿನ ಕೋಚ್ ಮ್ಯಾಟ್ ಎಬರ್‌ಫ್ಲಸ್ ಮನೆಗೆ. ಈ ಮೂರೂ ಆಟ ನಾಲ್ಕಾರು ಸೆಕೆಂಡಿನ ವಿಷಯ. ಜೊತೆಗೆ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ನನ್ನು ಆ ವರ್ಷ 68 ಸಲ ಕೆಡವಿದ್ದರು, ಪಾಪ, ಹುಡುಗ ಬದುಕಿ ಬಂದದ್ದೇ ಹೆಚ್ಚು. 2025ಕ್ಕೆ ಅವನನ್ನು ಕಾಯುವ ಮುಂದಿನ ಸಾಲಿನ ಗೋಡೆಯನ್ನೇ ಬದಲಾಯಿಸಿದರು: ಚೀಫ್ಸ್‌ನಿಂದ ಜೋ ಥೂನಿ, ರ‍್ಯಾಮ್ಸ್‌ನಿಂದ ಜೋನಾ ಜಾಕ್ಸನ್, ಫಾಲ್ಕನ್ಸ್‌ನಿಂದ ಡ್ರೂ ಡಾಲ್ಮನ್. ಇದೆಲ್ಲದರ ಮೇಲೆ ಲಯನ್ಸ್‌ನ ಅಫೆನ್ಸ್ ನಡೆಸುತ್ತಿದ್ದ ಬೆನ್ ಜಾನ್ಸನ್‌ನನ್ನೇ ಹೆಡ್ ಕೋಚ್ ಆಗಿ ಎತ್ತಿಕೊಂಡು ಬಂದರು.

ನೋಡಿ, ಇಷ್ಟೆಲ್ಲಾ ಬರೆದವರೇ, ಪುಟದ ಮೇಲ್ಗಡೆ ದಪ್ಪಕ್ಷರದಲ್ಲಿ "ನಾಲ್ಕನೇ ಸ್ಥಾನ" ಅಂತ ಹಾಕಿದ್ದಾರೆ. ಓದಿದವನಿಗೆ ಕಾರಣಗಳೆಲ್ಲಾ ಒಂದು ಕಡೆ ಬೆರಳು ತೋರಿಸುತ್ತಿವೆ, ಅಂಕಿ ಇನ್ನೊಂದು ಕಡೆ. ಈ ಅಧ್ಯಾಯ ಓದಿ ಭಾವನಿಗೆ ಫೋನ್ ಮಾಡಿದೆ. "ಏನಪ್ಪಾ, ಶತ್ರು ಪಾಳಯದಿಂದ ಫೋನು?" ಅಂದರು. "ಭಾವ, ನಿಮ್ಮವರು ಈ ಸಲ ತೊಂದರೆ ಕೊಡ್ತಾರೆ ಅನ್ಸುತ್ತೆ" ಅಂದೆ. ಅವರೇ ನಂಬಲಿಲ್ಲ.

ಲಯನ್ಸ್ ಅಧ್ಯಾಯವೂ ಹೀಗೇ. 15-2 ಮಾಡಿದ ಟೀಮ್. ಆದರೆ ಎರಡೂ ಕೋಆರ್ಡಿನೇಟರ್‌ಗಳು (ಅಫೆನ್ಸ್, ಡಿಫೆನ್ಸ್ ನಡೆಸುವ ಕೋಚ್‌ಗಳು) ಹೋದರು, ಜಾನ್ಸನ್ ಶಿಕಾಗೋಗೆ, ಏರನ್ ಗ್ಲೆನ್ ಜೆಟ್ಸ್‌ಗೆ. ಮಧ್ಯದ ಲೈನ್‌ಮನ್ ಫ್ರ್ಯಾಂಕ್ ರಾಗ್ನೋ ಜೂನ್‌ನಲ್ಲಿ ನಿವೃತ್ತಿ ಹೇಳಿಬಿಟ್ಟ. ಇದನ್ನೆಲ್ಲಾ ಗೈಡ್ ಸರಿಯಾಗಿ ಎಣಿಸಿದೆ, ಎಣಿಸಿ ಮತ್ತೆ ಮೊದಲ ಸ್ಥಾನ ಕೊಟ್ಟಿದೆ. ಎರಡನೇ ವಾರ ಲಯನ್ಸ್ ಬೇರ್ಸ್‌ಗೆ 52-21 ಬಾರಿಸಿದಾಗ ನಮ್ಮ ಗ್ರೂಪ್‌ನಲ್ಲಿ ಎಲ್ಲರೂ ಗೈಡ್‌ಗೆ ಜೈ ಅಂದರು. ವರ್ಷದ ಕೊನೆಗೆ ಪ್ಲೇಆಫ್ ನೋಡದೆ ಮನೆಗೆ ಹೋದವರು ಅದೇ ಲಯನ್ಸ್.

ಪ್ಯಾಕರ್ಸ್ ವಿಷಯದಲ್ಲಿ ಗೈಡ್‌ನ ದೊಡ್ಡ ಕೊರತೆ ಎದ್ದು ಕಂಡಿತು. ಪಿಡಿಎಫ್ ಬಂದದ್ದು ಜುಲೈನಲ್ಲಿ. ಆಗಸ್ಟ್ ಕೊನೆಗೆ, ಸೀಸನ್ ಶುರುವಾಗಲು ಒಂದು ವಾರ ಇರುವಾಗ, ಪ್ಯಾಕರ್ಸ್ ಡಲ್ಲಾಸ್‌ಗೆ ಎರಡು ಮೊದಲ ಸುತ್ತಿನ ಡ್ರಾಫ್ಟ್ ಪಾಳಿ ಮತ್ತು ಕೆನ್ನಿ ಕ್ಲಾರ್ಕ್‌ನನ್ನು ಕೊಟ್ಟು ಮೈಕಾ ಪಾರ್ಸನ್ಸ್‌ನನ್ನು ತಂದರು. ಲೀಗ್‌ನ ಅತಿ ಭಯಂಕರ ಡಿಫೆಂಡರ್‌ಗಳಲ್ಲಿ ಒಬ್ಬ. ಡಿವಿಷನ್ನಿನ ಲೆಕ್ಕವೇ ಬದಲಾಯಿತು. ಪಿಡಿಎಫ್ ಬದಲಾಗಲಿಲ್ಲ! ಆ್ಯಪ್‌ನಲ್ಲಿ ಅಂಕಿ ಸ್ವಲ್ಪ ಜರುಗಿತು, ಯಾಕೆ ಜರುಗಿತು ಅಂತ ಒಂದು ಸಾಲೂ ಇಲ್ಲ. ಅಧ್ಯಾಯ ಮಾತ್ರ "ಪಾಸ್ ರಶ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ದುರ್ಬಲ" ಅಂತಲೇ ಹೇಳುತ್ತಾ ಕೂತಿತ್ತು. ದುಡ್ಡು ತಗೊಂಡ ಮೇಲೆ ಇಂಥ ದೊಡ್ಡ ಟ್ರೇಡ್‌ಗೆ ಎರಡು ಪುಟ ಹೊಸದಾಗಿ ಬರೆದು ಕಳಿಸಬೇಡ್ವಾ? ಡಿಸೆಂಬರ್‌ನಲ್ಲಿ ಡೆನ್ವರ್ ವಿರುದ್ಧ ಪಾರ್ಸನ್ಸ್ ಮೊಣಕಾಲಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿಯಿತು, ಲೆಕ್ಕ ಮತ್ತೆ ಉಲ್ಟಾ. ಅದನ್ನು ಯಾವ ಗೈಡ್ ಕೂಡ ಹೇಳಲಾರದು ಬಿಡಿ, ಆ ತಪ್ಪು ಇವರ ತಲೆಗೆ ಕಟ್ಟಲ್ಲ.

ಇಲ್ಲಿ ಜನವರಿಯ ಆ ಪ್ಲೇಆಫ್ ಹೇಳದೆ ಹೋದರೆ ಭಾವ ನನ್ನನ್ನು ಬಿಡುವುದಿಲ್ಲ. ಬೇರ್ಸ್ ಮತ್ತು ಪ್ಯಾಕರ್ಸ್, ಶಿಕಾಗೋದಲ್ಲಿ, ನಮಗೆ ಭಾನುವಾರ ಬೆಳಿಗ್ಗೆ ಆರೂವರೆ. ಮೂವರೂ ಬನಶಂಕರಿಯ ಮನೆಯಲ್ಲಿ. ಅರ್ಧ ಆಟಕ್ಕೆ ಪ್ಯಾಕರ್ಸ್ 21-3 ಮುಂದೆ. ಗೆಳೆಯ ಆ್ಯಪ್ ತೆಗೆದು ಗೆಲುವಿನ ಶೇಕಡಾ ತೋರಿಸುತ್ತಾ ಕೋಣೆ ತುಂಬಾ ಓಡಾಡುತ್ತಿದ್ದ, ಸಾಕ್ಸ್ ಹಾಕಿಕೊಂಡು ಹೊರಡಲೂ ರೆಡಿ ಆದ, ಇನ್ನೇನು ನೋಡೋದಿದೆ ಅಣ್ಣಾ ಅಂತ. ಅಡುಗೆಮನೆಯಲ್ಲಿ ಅಕ್ಕ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. "ಕೂತ್ಕೊಳ್ಳೋ, ತಿಂದ್ಕೊಂಡು ಹೋಗು" ಅಂದರು ಭಾವ. ನಾಲ್ಕನೇ ಕ್ವಾರ್ಟರ್‌ನಲ್ಲಿ ಏನಾಯಿತು ಅಂತ ಎನ್‌ಎಫ್‌ಎಲ್ ನೋಡುವವರಿಗೆಲ್ಲಾ ಗೊತ್ತು. 31-27, ಬೇರ್ಸ್. ಗೆಳೆಯ ಉಪ್ಪಿಟ್ಟನ್ನು ಮುಟ್ಟಲಿಲ್ಲ. ಮುಂದಿನ ಸುತ್ತಿನಲ್ಲಿ ರ‍್ಯಾಮ್ಸ್ ಓವರ್‌ಟೈಮ್‌ನಲ್ಲಿ 20-17 ಬೇರ್ಸ್‌ನ ಕಥೆ ಮುಗಿಸಿದರು, ಆಗ ಗೆಳೆಯ ಒಂದು ಸ್ಮೈಲಿ ಮಾತ್ರ ಕಳಿಸಿದ.

ಆದರೆ ಅದೇ ಗೈಡ್‌ನ ಕಣ್ಣಿನಲ್ಲಿ ಈಗ ಬೇರ್ಸ್ ನೋಡಿ. 2025ರಲ್ಲಿ ಕೊನೆ ನಿಮಿಷಗಳಲ್ಲಿ ಹಿಂದಿನಿಂದ ಬಂದು ಗೆದ್ದದ್ದೇ ಅವರ ಕಸುಬು. ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳುವುದರಲ್ಲಿ ಲೀಗ್‌ಗೇ ಮೊದಲು. ಡಿಸೆಂಬರಿನಲ್ಲಿ ಪ್ಯಾಕರ್ಸ್ ವಿರುದ್ಧ ಆನ್‌ಸೈಡ್ ಕಿಕ್ (ಚೆಂಡನ್ನು ತಾವೇ ಮತ್ತೆ ಹಿಡಿಯಲು ಹತ್ತಿರಕ್ಕೆ ಒದೆಯುವುದು) ಕೈಗೆ ಸಿಕ್ಕಿ, ಆಟ ಓವರ್‌ಟೈಮ್‌ಗೆ ಹೋಗಿ 22-16 ಗೆದ್ದರು, ಅಂಥ ಕಿಕ್ ಕೈಗೆ ಸಿಗೋದೇ ಅಪರೂಪ. 2024ರಲ್ಲಿ ಕೈ ಕೊಟ್ಟದ್ದೆಲ್ಲಾ 2025ರಲ್ಲಿ ಕೈ ಹಿಡಿಯಿತು. ಇದನ್ನು ಭಾವನಿಗೆ ಹೇಳಿದರೆ "ಅದು ಕೋಚಿಂಗು ಕಣಯ್ಯಾ" ಅಂತಾರೆ. ಇರಬಹುದು, ಸ್ವಲ್ಪ. 2022ರಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ.

ಗೈಡ್ ಮೇಲೆ ನನ್ನ ಮುಖ್ಯ ತಕರಾರು ಬೇರೆ. ಹೋದ ವರ್ಷ ನಾವು ಹೇಳಿದ್ದು ಎಷ್ಟು ಸರಿಯಾಯಿತು, ಎಷ್ಟು ತಪ್ಪಾಯಿತು ಅಂತ ಒಂದು ಪುಟ ಇಲ್ಲ. ಒಂದೂ ಇಲ್ಲ! "ಪ್ಲೇಆಫ್ ಸಾಧ್ಯತೆ ಶೇಕಡಾ 30" ಅಂದರೆ ಏನರ್ಥ? ಹಾಗೆ ಹೇಳಿದ ಹತ್ತು ಟೀಮ್‌ಗಳಲ್ಲಿ ಸುಮಾರು ಮೂರು ಹೋಗಬೇಕು. ಒಂದೂ ಹೋಗದಿದ್ದರೆ ತಪ್ಪು, ಏಳು ಹೋದರೂ ತಪ್ಪು. ಇದನ್ನು ನಾಲ್ಕೈದು ವರ್ಷದ ಲೆಕ್ಕ ಇಟ್ಟು ತೋರಿಸಬಹುದು, ದೊಡ್ಡ ಕೆಲಸವೇನಲ್ಲ, ಒಂದು ಎಕ್ಸೆಲ್ ಶೀಟ್ ಸಾಕು. ತೋರಿಸದಿದ್ದರೆ ಶೇಕಡಾ ಯಾಕೆ ಹಾಕಬೇಕು? ಒಂದು ದಶಮಾಂಶವನ್ನೂ ಸೇರಿಸಿ 30.4 ಅಂತ ಹಾಕಿದ್ದಾರೆ ಬೇರೆ, ಆ .4 ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಅಂಕಿ ನುಣುಪಾದಷ್ಟೂ ನಂಬಿಕೆ ಜಾಸ್ತಿ ಅಂತ ತಿಳಿದಿದ್ದಾರೆ.

ಇನ್ನೊಂದು, ಪುಸ್ತಕದ ದೊಡ್ಡ ಪಾಲು ಬೆಟ್ಟಿಂಗ್‌ಗೆ ಹೋಗಿದೆ. ಪ್ರತಿ ಅಧ್ಯಾಯದ ಕೊನೆಗೆ ಈ ಟೀಮ್ ಒಂಬತ್ತೂವರೆಗಿಂತ ಜಾಸ್ತಿ ಗೆಲ್ಲುತ್ತಾ ಕಮ್ಮಿ ಗೆಲ್ಲುತ್ತಾ, ಯಾವ ಕಡೆ ದುಡ್ಡು ಹಾಕಬೇಕು, ಇದೇ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದಾಗಿದೆ. ನಮಗೆ ಆ ಪುಟಗಳು ದಂಡ. ನಾವು ಪಣ ಕಟ್ಟುವುದು ಮಸಾಲೆ ದೋಸೆಗೆ, ಅದಕ್ಕೆ ಇಷ್ಟು ಗಣಿತ ಬೇಡ. ಒಂದು ಉಪಯೋಗ ಇದೆ ಅನ್ನಿ: ಗೈಡ್ ಹೇಳಿದ ಗೆಲುವಿನ ಸಂಖ್ಯೆಗೂ ಬೆಟ್ಟಿಂಗ್ ಮಾರ್ಕೆಟ್ ಹೇಳುವ ಸಂಖ್ಯೆಗೂ ಎಲ್ಲಿ ದೊಡ್ಡ ವ್ಯತ್ಯಾಸ ಇದೆಯೋ ಆ ಅಧ್ಯಾಯ ಮೊದಲು ಓದಿ. ಬರೆದವನು ಏನನ್ನೋ ಒತ್ತಿ ಹೇಳುತ್ತಿದ್ದಾನೆ ಅಂತ ಅರ್ಥ. ಉಳಿದ ಕಡೆ ಬರೀ ಮಾರ್ಕೆಟ್ ಹೇಳಿದ್ದನ್ನೇ ತಿರುಗಿಸಿ ಹೇಳಿರುತ್ತಾರೆ.

ಸಿಯಾಟಲ್ ಅಧ್ಯಾಯ ಹಾಗೇ ತಿರುಗಿಸಿ ಹೇಳಿದ್ದು. ನಾವು ಬಿಟ್ಟುಕೊಟ್ಟ ಡಾರ್ನಾಲ್ಡ್ ಬಗ್ಗೆ ಒಂದು ಪ್ಯಾರಾ, ಟೀಮ್ ನಡುವಿನ ಸಾಲಿನದು ಅಂತ ಷರಾ. ಸಿಯಾಟಲ್ 14-3 ಮಾಡಿ, ಫೆಬ್ರವರಿಯಲ್ಲಿ 60ನೇ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ಮೇಲೆ 29-13 ಗೆದ್ದಿತು. ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದು ಅದನ್ನು ನೋಡಿದ ವೈಕಿಂಗ್ಸ್ ಅಭಿಮಾನಿಯ ಸ್ಥಿತಿ ಏನಿರಬೇಕು ನೀವೇ ಯೋಚಿಸಿ. ನಮ್ಮ ಟೀಮ್ 1961ರಿಂದ ಆಡುತ್ತಿದೆ, ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕೂ ಸೋತಿದೆ. ಆರ್‌ಸಿಬಿ ಕೂಡ 2025ರಲ್ಲಿ ಕಪ್ ಎತ್ತಿದ ಮೇಲೆ ನನಗೆ ಸಮಾಧಾನ ಹೇಳೋಕೆ ಊರಲ್ಲಿ ಯಾರೂ ಉಳಿದಿಲ್ಲ.

ಈಗ ಮುಂದಿನ ಸೀಸನ್. ಇದಕ್ಕೆ ಗೈಡ್ ಬೇಕಾಗಿಲ್ಲ, ಅರ್ಧ ಲೆಕ್ಕ ಬಿಟ್ಟಿ ಸಿಗುತ್ತದೆ, ಯಾರು ಯಾರ ಜೊತೆ ಆಡಬೇಕು ಅನ್ನೋದು ಸೂತ್ರದ ಮೇಲೆ ನಡೆಯುತ್ತದೆ. 2026ರಲ್ಲಿ ನಮ್ಮ ನಾಲ್ಕೂ ಟೀಮ್‌ಗಳಿಗೆ ಎನ್‌ಎಫ್‌ಸಿ ಸೌತ್ ಮತ್ತು ಎಎಫ್‌ಸಿ ಈಸ್ಟ್ ಡಿವಿಷನ್‌ಗಳ ಎಂಟೂ ಎದುರಾಳಿಗಳು ಸಮಾನ. ವ್ಯತ್ಯಾಸ ಬರುವುದು ಉಳಿದ ಮೂರು ಆಟಗಳಲ್ಲಿ, ಅಲ್ಲಿ ಹೋದ ವರ್ಷ ನೀವು ನಿಂತ ಸ್ಥಾನದಲ್ಲೇ ನಿಂತವರು ಎದುರಾಗುತ್ತಾರೆ. ಮೊದಲು ಬಂದ ಬೇರ್ಸ್‌ಗೆ ಈಗಲ್ಸ್, ಸೀಹಾಕ್ಸ್, ಜಾಗ್ವಾರ್ಸ್. ಕೊನೆಗೆ ಬಂದ ಲಯನ್ಸ್‌ಗೆ ಜೈಂಟ್ಸ್, ಕಾರ್ಡಿನಲ್ಸ್, ಟೈಟನ್ಸ್. 2025ರಲ್ಲಿ ಈ ಮೂವರ ಗೆಲುವು ಎಲ್ಲಾ ಕೂಡಿಸಿದರೂ ಹತ್ತು. ಒಂದೇ ಡಿವಿಷನ್, ಎಷ್ಟು ಅಂತರ ನೋಡಿ! ಪ್ಯಾಕರ್ಸ್‌ಗೆ ಕೌಬಾಯ್ಸ್, ರ‍್ಯಾಮ್ಸ್, ಟೆಕ್ಸನ್ಸ್, ಸುಲಭ ಅಲ್ಲ. ನಮಗೆ ಕಮ್ಯಾಂಡರ್ಸ್, ಕೋಲ್ಟ್ಸ್ ಜೊತೆ ಫಾರ್ಟಿನೈನರ್ಸ್. ಮೂರನೇ ಸ್ಥಾನಕ್ಕೆ ಬಂದವರು ಅಂತ ಹೆಸರಿಗೆ, ಅವರು 12 ಗೆದ್ದ ಟೀಮ್. ವೈಕಿಂಗ್ಸ್ ಗ್ರಹಚಾರ ಸೂತ್ರದಲ್ಲೂ ಬಿಡಲ್ಲ.

ಹಾಗಾಗಿ ನನ್ನ ಲೆಕ್ಕ: ಲಯನ್ಸ್ ಮತ್ತೆ ಮೇಲೆ ಬರುತ್ತದೆ, 11 ಆದರೂ ಗೆಲ್ಲುತ್ತದೆ. ಬೇರ್ಸ್ ಕೆಟ್ಟ ಟೀಮ್ ಆಗಲ್ಲ, ಆದರೆ ಒಂಬತ್ತಕ್ಕೆ ಇಳಿಯುತ್ತದೆ, ಕ್ಷಮಿಸಿ ಭಾವ. ಪ್ಯಾಕರ್ಸ್ ಪೂರ್ತಿ ಪಾರ್ಸನ್ಸ್ ಮೊಣಕಾಲಿನ ಮೇಲೆ ನಿಂತಿದೆ, ಡಿಸೆಂಬರಿನಲ್ಲಿ ಎಸಿಎಲ್ ಹರಿದವನು ಸೆಪ್ಟೆಂಬರಿಗೆ ಪೂರ್ತಿ ರೆಡಿ ಇರೋದು ಕಷ್ಟ, ಮೊದಲ ಒಂದು ತಿಂಗಳು ಅವರು ಹೇಗೆ ತಳ್ಳುತ್ತಾರೆ ಅನ್ನೋದೇ ಪ್ರಶ್ನೆ. ವೈಕಿಂಗ್ಸ್ 2025ರ ಕೊನೆಯ ಐದು ಆಟ ಸತತ ಗೆದ್ದದ್ದನ್ನು ಹಿಡಿದುಕೊಂಡು ನಮ್ಮವರು ಕುಣಿಯುತ್ತಿದ್ದಾರೆ. ಸೀಸನ್ ಕೈಬಿಟ್ಟ ಮೇಲೆ ಗೆದ್ದ ಆಟಗಳಿಗೆ ನಾನು ಅಷ್ಟು ಬೆಲೆ ಕೊಡಲ್ಲ. ಈ ಟೀಮ್ ಬಗ್ಗೆ ನನ್ನ ಮಾತು ನಂಬಬೇಡಿ, ಪ್ಯಾಕರ್ಸ್ ಅಭಿಮಾನಿಯನ್ನು ಕೇಳಿ, ಅವನೇ ಸರಿಯಾಗಿ ಹೇಳ್ತಾನೆ.

ರಿನ್ಯೂ ಮಾಡ್ತೀವಾ? ನನ್ನ ಓಟು ಹೌದು, ಐದಕ್ಕೆ ಮೂರು ಸ್ಟಾರ್. ಬರವಣಿಗೆಗೆ ಪೂರ್ತಿ ಅಂಕ. ಆ್ಯಪ್‌ಗೆ ಒಂದು ಸ್ಟಾರ್ ಕಟ್, ಲೆಕ್ಕ ಒಪ್ಪಿಸದೆ ಶೇಕಡಾ ಹೇಳುವುದಕ್ಕೆ ಇನ್ನೊಂದು. ಭಾವ ಐದು ಕೊಡಿ ಅನ್ನುತ್ತಿದ್ದಾರೆ, ಅವರ ಕಾರಣ ಗೊತ್ತಲ್ಲ. ಗೆಳೆಯ ಬೇಡವೇ ಬೇಡ ಅನ್ನುತ್ತಿದ್ದಾನೆ, ಅವನ ಪಾಲು ಕಳೆದರೆ ಇಬ್ಬರಿಗೇ ಬೀಳುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಎನ್‌ಎಫ್‌ಸಿ ನಾರ್ತ್ ನೋಡುವವರು ಇದ್ದರೆ, ಮುಖ್ಯವಾಗಿ ಲಯನ್ಸ್ ಕಡೆಯವರು, ಮೂರನೇ ಪಾಲಿಗೆ ಜಾಗ ಖಾಲಿ ಇದೆ. ಒಬ್ಬರೇ ತಗೊಳ್ಳುವವರು ಈಗಿನ ಅರ್ಲಿ ಬರ್ಡ್ ಆಫರ್‌ಗೆ ಬೀಳಬೇಡಿ. ಮಾರ್ಚ್‌ನಲ್ಲಿ ಫ್ರೀ ಏಜೆನ್ಸಿ (ಒಪ್ಪಂದ ಮುಗಿದವರು ಟೀಮ್ ಬದಲಿಸುವ ಸಮಯ), ಏಪ್ರಿಲ್‌ನಲ್ಲಿ ಡ್ರಾಫ್ಟ್, ಆಗಸ್ಟ್ ಕೊನೆಗೆ ಟೀಮ್‌ಗಳು 53 ಜನಕ್ಕೆ ಇಳಿಯುವ ದಿನ, ಅಷ್ಟೂ ಮುಗಿಯಲಿ. ಆಮೇಲೆ ಕೊಳ್ಳಿ, ಹಳೇ ಪಿಡಿಎಫ್ ಕೊಡ್ತಾರಾ ತಿದ್ದಿದ್ದು ಕೊಡ್ತಾರಾ ಅಂತ ಮೊದಲೇ ಮೇಲ್ ಹಾಕಿ ಕೇಳಿ. ಟೈಮ್‌ಝೋನ್ ಸರಿ ಮಾಡಿದ್ರಾ ಅಂತಲೂ ಒಂದು ಸಾಲು ಸೇರಿಸಿಬಿಡಿ, ನನ್ನ ಪರವಾಗಿ.